ಪಾವಟಿಗೆಯ ಕೆಳಗಿನ ಜಾಗ

ರಾಯಾಪುರ, ಧಾರವಾಡ
ರವಿವಾರ, ೨೪ ನವೆಂಬರ್ ೨೦೨೪

ಪ್ರೀತಿಯ ಭಾಗ್ಯಾ,

ಆರಾಮ ಇದ್ದೀಯಾ? ದೀಪಾವಳಿಗೆ ಬಂದಾಗ ಇದ್ದ ಕೆಮ್ಮು ಹೋಯಿತೇ? ಅಮ್ಮಿನಬಾವಿಯಲ್ಲಿ ಈಗ ಬೆಳಗಿನ ಥಂಡಿ ಜೋರಿರುತ್ತದೆ. ಸಾಲಿಗೆ ಬರುವಾಗ ಬಸ್ಸಿನ ಕಿಟಕಿ ಪಕ್ಕ ಕೂತರೆ ಕಿವಿ ಮುಚ್ಚಿಕೊಂಡು ಕೂಡು. ಅಜ್ಜಿಯ ಮೊಣಕಾಲು ನೋವು ಹೇಗಿದೆ? ಮೊನ್ನೆ ಇಲ್ಲಿಗೆ ಬಂದಾಗ ಗೇಟಿನಿಂದ ಬಾಗಿಲಿಗೆ ಬರುವಷ್ಟರಲ್ಲಿ ಎರಡು ಕಡೆ ನಿಂತರು. ಎಣ್ಣೆ ಹಚ್ಚಿ ತಿಕ್ಕುವುದು ನಿನ್ನ ಕೆಲಸ ಅಂತ ಹೆಮ್ಮೆಯಿಂದ ಹೇಳಿದರು. ಇನ್ನೊಂದು ಮಾತು, ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು ಎಂಬ ಅಧಿಕಾರದಿಂದ ಕೇಳುತ್ತಿದ್ದೇನೆ: ಓದುವಾಗ ನೀನು ಎಡಗಣ್ಣು ಕಿರಿದು ಮಾಡುತ್ತೀ. ತಲೆ ನೋಯುತ್ತದೆಯೇ? ನೋಯುತ್ತಿದ್ದರೆ ಅಜ್ಜಿಗೆ ಹೇಳು. ನನಗೆ ಹೇಳಬೇಕೆಂದೇನೂ ಇಲ್ಲ, ಅಜ್ಜಿ ನನಗೆ ಹೇಳುತ್ತಾರೆ.

ಫೋನು ಇರುವಾಗ ಈಕೆ ಕಾಗದ ಯಾಕೆ ಬರೆದಳು ಅಂತ ನಿನಗೆ ಅನಿಸಬಹುದು. ಫೋನಿನಲ್ಲಿ ನೀನು "ಹೂಂರಿ, ಆರಾಮರಿ" ಅಂದು ಅಜ್ಜಿಯ ಕೈಗೆ ಕೊಟ್ಟುಬಿಡುತ್ತೀ. ನನಗೂ ಆಮೇಲೆ ಏನು ಮಾತಾಡಬೇಕೆಂದು ತಿಳಿಯದೆ, ಊಟ ಆಯಿತೇ ಎಂದು ಅಜ್ಜಿಯನ್ನು ಕೇಳಿ ಇಡುತ್ತೇನೆ. ನಿನ್ನ ಅಪ್ಪನ ಕೈಯಲ್ಲಿ ಕಾಗದ ಕೊಟ್ಟು ಕಳಿಸಿದರೆ ಅವರು ದಾರಿಯಲ್ಲೇ ಓದಿಬಿಡುತ್ತಾರೆ. ಅದಕ್ಕೇ ಅಂಚೆಗೆ ಹಾಕುತ್ತಿದ್ದೇನೆ. ಅಕ್ಷರ ಅಡ್ಡಾದಿಡ್ಡಿ ಆಗಿದ್ದರೆ ಕ್ಷಮಿಸು. ಒಂದೇ ಕಡೆ ಕೂತು ಬರೆಯಲು ಆಗುತ್ತಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಎದ್ದು ಹೋಗಿ ಹೊರಕೋಣೆಯ ಪರದೆ ಎಳೆದು ನೋಡಿ ಬಂದೆ. ಅದು ಇನ್ನೂ ಒಂದು ಬದಿ ಗಿಡ್ಡವೇ ಕಾಣುತ್ತದೆ.

ಈ ಚಡಪಡಿಕೆ ಶುರುವಾದದ್ದು ದೀಪಾವಳಿಗೆ ನೀನು ಬಂದು ಹೋದ ಮೇಲೆ. ಆ ದಿನ ಹೊರಕೋಣೆಯಲ್ಲಿ ಬಂದವರು ಹೋದವರು ಕೂತಿದ್ದರು, ಟಿವಿ ನಡೆದಿತ್ತು. ನೀನು ದಿವಾನದ ತುದಿಗೆ ಚೀಲ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಬಸ್ಸಿನಲ್ಲಿ ಕೂತವರ ಹಾಗೆ. ಮುಂದಿನ ಸ್ಟಾಪಿಗೆ ಇಳಿಯುವವರು ಹಾಗೆಯೇ ಕೂಡುತ್ತಾರೆ. ಮುಂಜಾನೆ ಎಣ್ಣೆಸ್ನಾನ ಮಾಡಿ ಬಚ್ಚಲಿನೊಳಗೇ ಹೊಸ ಬಟ್ಟೆ ಹಾಕಿಕೊಂಡು ಬಂದೆ. ಚೂಡಿದಾರದ ಕೆಳಗಿನ ಅಂಚೆಲ್ಲ ತೊಯ್ದು ಕಾಲಿಗೆ ಅಂಟಿತ್ತು. ಹಸಿ ಬಟ್ಟೆಯಲ್ಲೇ ಆರತಿ ಮಾಡಿದೆ. ಊಟ ಆದ ಕೂಡಲೇ, "ಅಜ್ಜಿ ಒಬ್ಬಾಕೇ ಅದಾಳ, ಹೋಗ್ತೇನಿ" ಅಂದೆ. ನಮ್ಮ ಲಗ್ನವಾದ ಮೇಲೆ ಜೂನ್ ತಿಂಗಳಲ್ಲಿ ಈ ಮನೆ ಬಿಟ್ಟು ಹೋಗುವಾಗಲೂ, "ಅಲ್ಲಿಂದ ಸಾಲಿಗೆ ಬಸ್ ಸಸಾರ ಐತಿ" ಅಂದಿದ್ದೆ. ರಾಯಾಪುರಕ್ಕಿಂತ ಅಮ್ಮಿನಬಾವಿಯಿಂದ ಬಸ್ಸು ಎಷ್ಟು ಸುಲಭ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಕಳಿಸಿಕೊಟ್ಟೆವು.

ನೀನು ಹೋದ ಮಾರನೇ ದಿನದಿಂದ ನನ್ನ ಕೈ ಸುಮ್ಮನಿರಲಿಲ್ಲ. ಮನೆ ನಿನಗೆ ಗೊತ್ತೇ ಇದೆ: ಹೊರಕೋಣೆ, ಅಡುಗೆಮನೆ, ಒಂದೇ ಒಂದು ಮಲಗುವ ಕೋಣೆ. ನಡುವೆ ಮಾಳಿಗೆಗೆ ಹತ್ತುವ ಮೆಟ್ಟಿಲು. ಆ ಪಾವಟಿಗೆಯ ಕೆಳಗೆ ಒಂದು ಕಡೆ ಎತ್ತರ, ಇನ್ನೊಂದು ಕಡೆ ನೆಲಕ್ಕೆ ಇಳಿಯುವ ಆ ಮೂಲೆ. ಅಲ್ಲಿ ಕೆಟ್ಟ ಕೂಲರ್ ಇತ್ತು, ನಿನ್ನ ಅಪ್ಪ ಅಮರಗೋಳದ ದಲಾಲಿ ಅಂಗಡಿಯಿಂದ ತಂದ ಖಾಲಿ ಚೀಲಗಳಿದ್ದವು, ಗಾಲಿ ಇಲ್ಲದ ನಿನ್ನ ಹಳೇ ಸೈಕಲ್ಲು ಇತ್ತು. ಇದನ್ನೇ ಭಾಗ್ಯಾಗೆ ಒಂದು ಚಂದದ ಜಾಗ ಮಾಡಿಕೊಡಬೇಕು ಎಂದು ತಲೆಗೆ ಹೊಕ್ಕಿತು. ತಲೆಗೆ ಹೊಕ್ಕದ್ದು ಇಳಿಯುವ ಜಾತಿ ನನ್ನದಲ್ಲ.

ಮೊದಲು ಕತ್ತಲೆ. ಅಲ್ಲಿ ಹಚ್ಚಿದ್ದ ಕಂದು ಬಣ್ಣ ಇದ್ದ ಬೆಳಕನ್ನೂ ನುಂಗುತ್ತಿತ್ತು. ಹಾಲಿನ ಕೆನೆಯಂಥ ಬಣ್ಣ ತಂದು ನಾನೇ ಹಚ್ಚಿದೆ. ಇಳಿಜಾರಿನ ಮಾಡಿಗೂ ಗೋಡೆಗೂ ಒಂದೇ ಬಣ್ಣ ಹಚ್ಚಿದರೆ ಎಲ್ಲಿ ಗೋಡೆ ಮುಗಿದು ಎಲ್ಲಿ ಮಾಡು ಶುರುವಾಯಿತು ಎಂಬುದು ಕಣ್ಣಿಗೆ ಸಿಕ್ಕುವುದಿಲ್ಲ. ಜಾಗ ತುಸು ದೊಡ್ಡದಾದಂತೆ ತೋರುತ್ತದೆ. ಹೊರಕೋಣೆಯ ಕಿಟಕಿಗೆ ಎದುರಾಗಿ ಒಂದು ಉದ್ದನೆಯ ಕನ್ನಡಿ ಆನಿಸಿದೆ. ನಮ್ಮ ಅಂಗಡಿಯಲ್ಲೂ ಹೀಗೇ; ಅಂಗೈಯಷ್ಟು ಅಂಗಡಿ, ಕನ್ನಡಿಯಿಂದ ಅರಮನೆ. ಬಿಸಿಲು ಕಿಟಕಿಯಿಂದ ಬಂದು ಕನ್ನಡಿಗೆ ಬಡಿದು ಮೂಲೆಗೆ ಬಿತ್ತು. ತಗ್ಗಿನ ತುದಿಯಲ್ಲಿ ಮನುಷ್ಯರು ಕೂಡಲು ಆಗುವುದಿಲ್ಲವಲ್ಲ, ಅಲ್ಲಿಗೆ ಗಾಲಿ ಹಚ್ಚಿದ ತಗ್ಗು ಪೆಟ್ಟಿಗೆಗಳನ್ನು ಬಡಗಿ ಜಾವೀದ ಅವರಿಂದ ಮಾಡಿಸಿದೆ. ಪುಸ್ತಕ ಒಂದರಲ್ಲಿ, ಬಟ್ಟೆ ಒಂದರಲ್ಲಿ. ಎಳೆದರೆ ಹೊರಗೆ, ನೂಕಿದರೆ ಒಳಗೆ. ನೆಲಕ್ಕೆ ನವಲಗುಂದದ ಜಮಖಾನೆ. ಮುಂದೆ ಪರದೆಗೆ ನನ್ನದೊಂದು ಇಳಕಲ್ ಸೀರೆ. ಸೆರಗು ಹರಿದಿತ್ತು, ಒಡಲು ಗಟ್ಟಿ ಇತ್ತು.

ಅಷ್ಟಕ್ಕೇ ನಿಲ್ಲಲಿಲ್ಲ. ಒಂದು ಮೂಲೆ ಖಾಲಿಯಾದರೆ ಅಲ್ಲಿನ ಸಾಮಾನು ಇನ್ನೊಂದು ಮೂಲೆಗೆ ಹೋಗಿ ಕೂಡುತ್ತದೆ. ಬಾಗಿಲ ಹಿಂದಿನ ಗೇಣು ಜಾಗಕ್ಕೆ ಚಪ್ಪಲಿಯ ಸ್ಟ್ಯಾಂಡು ಹಚ್ಚಿದೆ. ಅಡುಗೆಮನೆಗೆ ಹೋಗುವ ಇಕ್ಕಟ್ಟಿನ ದಾರಿಯಲ್ಲಿ ಕಬ್ಬಿಣದ ಸಲಾಕೆ ಬಡಿಸಿ ಮುಚ್ಚಳಗಳನ್ನೆಲ್ಲ ತೂಗುಹಾಕಿದೆ. ಸೋಫಾವನ್ನು ಕಿಟಕಿಗೆ ಬೆನ್ನು ಮಾಡಿಟ್ಟೆ, ಮತ್ತೆ ಗೋಡೆಗೆ ಹಚ್ಚಿದೆ, ಮತ್ತೆ ಓರೆ ಮಾಡಿದೆ. ನಿನ್ನ ಅಪ್ಪ ಅಂಗಡಿಯಿಂದ ಬಂದು, ಸೋಫಾ ಮೊದಲು ಇದ್ದ ಕಡೆ ಕೂಡಲು ಹೋಗಿ ನೆಲಕ್ಕೆ ಕೂತರು. "ಇದು ಮನಿನೋ ಬಯಲಾಟದ ಅಟ್ಟನೋ? ದಿನಾ ಒಂದ್ ಸೀನ್ ಬದಲೀ ಮಾಡಾಕತ್ತೀಯಲ್ಲ!" ಅಂದರು. ಅಂದು, ಅವರೂ ನಕ್ಕರು.

ಈ ಕೆಲಸ ಮಾಡುವಾಗ ನನಗೊಂದು ವಿಷಯ ತಿಳಿಯಿತು. ನನಗಿಂತ ಮುಂಚೆ ಇನ್ನೊಬ್ಬರು ಇದೇ ಮನೆಯ ಜೊತೆ ಇದೇ ಹೋರಾಟ ಮಾಡಿದ್ದಾರೆ. ಕಪಾಟಿನ ಬಾಗಿಲು ತಾನಾಗಿ ತೆರೆದುಕೊಳ್ಳದಂತೆ ಅದರ ಮುಂಗಾಲಿಗೆ ಕೊಟ್ಟ ಕಟ್ಟಿಗೆಯ ಚಕ್ಕೆ; ಅಡುಗೆಮನೆಯ ಕಿಟಕಿಗೆ ಸೈಕಲ್ಲಿನ ಕಡ್ಡಿ ಬಾಗಿಸಿ ಹಾಕಿದ ಪರದೆಯ ಸರಳು; ಮಲಗುವ ಕೋಣೆಯ ಗೋಡೆಯಲ್ಲಿ ಸೊಂಟದಷ್ಟು ಎತ್ತರಕ್ಕೆ ಒಂದು ಮೊಳೆ. ಇಷ್ಟು ತಗ್ಗಿಗೆ ಯಾರು ಮೊಳೆ ಹೊಡೆಯುತ್ತಾರೆ ಎಂದು ಕೀಳಲು ಹೋದೆ. ಆಮೇಲೆ ತಿಳಿಯಿತು, ಅದು ಸಾಲಿಗೆ ಹೋಗುವ ಸಣ್ಣ ಹುಡುಗಿ ಚೀಲ ತೂಗುಹಾಕುವ ಎತ್ತರ. ನಿನ್ನ ಅವ್ವನನ್ನು ನಾನು ನೋಡಿಲ್ಲ. ಭುವನೇಶ್ವರಿ ಎಂಬ ಹೆಸರನ್ನು ಈ ಮನೆಯಲ್ಲಿ ನನ್ನ ಮುಂದೆ ಯಾರೂ ಹೇಳುವುದಿಲ್ಲ, ನನಗೆ ನೋವಾಗುತ್ತದೆ ಎಂದುಕೊಂಡಿದ್ದಾರೆ. ಸುತ್ತಿಗೆ ಹಿಡಿದು ಆ ಗೋಡೆಯ ಮುಂದೆ ನಿಂತಾಗ ನನಗೆ ನೋವೇನೂ ಆಗಲಿಲ್ಲ. ಈಕೆ ಇದ್ದಿದ್ದರೆ ಪರದೆಯ ಅಳತೆ ಕೇಳಬಹುದಿತ್ತು ಅನಿಸಿತು. ಮೊಳೆ ಅಲ್ಲೇ ಬಿಟ್ಟೆ.

ಎಲ್ಲ ಮುಗಿದ ಮೇಲೆ ಅಜ್ಜಿಯನ್ನು ಕರೆಸಿದೆ. ನಿನಗೆ ಅವರು ಹೇಳಿರಬಹುದು, ಅಥವಾ ಹೇಳಿರಲಿಕ್ಕಿಲ್ಲ. ಶರಣವ್ವ ಅಜ್ಜಿ ಮಗಳನ್ನು ಕಳೆದುಕೊಂಡ ಮನೆಗೆ ಬಂದು, ಮಗಳ ಜಾಗಕ್ಕೆ ಬಂದವಳು ಕೊಟ್ಟ ಚಹಾ ಕುಡಿಯುವುದು ಸಣ್ಣ ಮಾತಲ್ಲ. ಅವರು ಕುಡಿದರು. ಸಕ್ಕರೆ ಕಡಿಮೆ ಆಗಿದೆ ಅಂತಲೂ ಹೇಳಿದರು. ಅದು ನನಗೆ ಭಾಳ ಹಗುರ ಅನಿಸಿತು. ಪರಕೀಯರ ಮನೆಯಲ್ಲಿ ಯಾರೂ ಸಕ್ಕರೆ ಕೇಳುವುದಿಲ್ಲ. ನಾನು ಸಣ್ಣ ಹುಡುಗಿಯ ಹಾಗೆ ಓಡಾಡಿ ಪರದೆ ಸರಿಸಿ ತೋರಿಸಿದೆ, ಪೆಟ್ಟಿಗೆ ಎಳೆದು ತೋರಿಸಿದೆ, ದೀಪ ಹಚ್ಚಿ ತೋರಿಸಿದೆ. ಅಜ್ಜಿ ಜಮಖಾನೆಯ ಮೇಲೆ ಕೈಯಾಡಿಸಿದರು. ಎಲ್ಲ ನೋಡಿ, "ಭಾಳ ಛಲೋ ಮಾಡೀಯವ್ವಾ" ಅಂದರು. ಆಮೇಲೆ ತಲೆ ಎತ್ತಿ ಆ ಇಳಿಜಾರಿನ ಮಾಡನ್ನು ನೋಡಿದರು. "ನಮ್ಮ ಹುಡುಗಿ ಎತ್ತರ ಬೆಳ್ಯಾಕತ್ತೈತಿ. ಆಕಿ ನೆಟ್ಟಗ ನಿಂದ್ರಬೇಕಂದ್ರ ಎಲ್ಲಿ ನಿಂದ್ರಬೇಕವ್ವಾ?"

ಅವರ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ಅಂದು ಮರೆತುಬಿಡುತ್ತಿದ್ದೆ. ಅವರು ನಿಜವಾಗಿಯೂ ತಿಳಿಯದೆ ಕೇಳಿದರು. "ಕೂತ ಓದ್ತಾಳಲ್ರಿ" ಅಂದೆ. ನನ್ನ ಮಾತು ನನಗೇ ಸುಳ್ಳಾಗಿ ಕೇಳಿಸಿತು.

ಮರುದಿನ ದೇಶಪಾಂಡೆ ನಗರದ ಅಂಗಡಿಯಲ್ಲಿ ನನಗೆ ಕೆಲಸದ ಮೇಲೆ ಲಕ್ಷ್ಯವೇ ಇರಲಿಲ್ಲ. ಒಬ್ಬ ಮೇಷ್ಟ್ರಿಗೆ ಅವರ ಹೆಂಡತಿಯ ಕನ್ನಡಕ ಹಾಕಿ, "ಛಲೋ ಕಾಣ್ತದೇನ್ರಿ?" ಅಂತ ಕೇಳಿದೆ. ಅವರು ಪಾಪ, "ಎಲ್ಲಾ ಮಬ್ಬ ಮಬ್ಬ ಐತ್ರಿ, ಆದ್ರ ಹಗರ ಐತಿ" ಅಂದರು. ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ. ಸಂಜೆ ಮನೆಗೆ ಬಂದವಳೇ ವ್ಯಾನಿಟಿ ಬ್ಯಾಗು ಕೂಡ ಇಳಿಸದೆ ಆ ಮೂಲೆಯೊಳಗೆ ಹೋಗಿ ಪರದೆ ಎಳೆದು ಮಲಗಿದೆ. ಕಣ್ಣೆದುರು ಇಳಿಜಾರು. ಯಾರೋ ಮಾಳಿಗೆಗೆ ಹತ್ತಿದರೆ ತಲೆಯ ಮೇಲೆಯೇ ಹೆಜ್ಜೆ. ಪರದೆಯಾಚೆ ನಿನ್ನ ಅಪ್ಪ ಟಿವಿ ಹಚ್ಚಿದರು, ಸುದ್ದಿ ಓದುವವನು ನನ್ನ ಕಿವಿಯಲ್ಲೇ ಕೂತು ಒದರಿದ. ಎಷ್ಟೇ ಬಿಳಿ ಹಚ್ಚಿದರೂ, ಎಷ್ಟೇ ಕನ್ನಡಿ ಇಟ್ಟರೂ, ಅದು ಕೂಲರ್ ಇಟ್ಟ ಜಾಗ. ಕೂಲರ್ ತೆಗೆದು ನಿನ್ನನ್ನು ಇಡಲು ಹೊರಟಿದ್ದೆ.

ನಾನು ಬೆಳೆದದ್ದು ಹಳೇ ಹುಬ್ಬಳ್ಳಿಯ ಒಂದೇ ಖೋಲಿಯ ಮನೆಯಲ್ಲಿ, ನಿನಗೆ ಇದು ಗೊತ್ತಿರಲಿಕ್ಕಿಲ್ಲ. ಬಟ್ಟೆ ಬದಲಿಸಬೇಕೆಂದರೆ ನಮ್ಮವ್ವ ಸೀರೆ ಅಡ್ಡ ಹಿಡಿದು ಮುಖ ಆ ಕಡೆ ತಿರುಗಿಸಿ ನಿಲ್ಲುತ್ತಿದ್ದಳು. ನಮ್ಮಲ್ಲಿ ಕೊಡಲು ಬೇರೆ ಕೋಣೆಯೇ ಇರಲಿಲ್ಲ. ಈ ಮನೆಯಲ್ಲಿ ಕೋಣೆ ಇದೆ.

ಎದ್ದು ಹೊರಗೆ ಬಂದು ಟಿವಿ ಆರಿಸಿದೆ. ಮಲಗುವ ಕೋಣೆ ನಮ್ಮ ಲಗ್ನಕ್ಕೆ ಮುಂಚೆ ಯಾರದ್ದಾಗಿತ್ತು ಎಂದು ನಿನ್ನ ಅಪ್ಪನನ್ನು ಕೇಳಿದೆ. ಅವರು ರಿಮೋಟ್ ತಿರುಗಿಸುತ್ತ, "ಭಾಗ್ಯಾ ಇರ್ತಿದ್ಲು, ನಾ ಹೊರಗ ಮಲಗ್ತಿದ್ನಿ. ಈಗ್ಯಾಕ ಅದು?" ಅಂದರು. ನನಗೆ ಯಾರೂ ಹೇಳಿರಲಿಲ್ಲ, ಭಾಗ್ಯಾ. ನಾನು ಈ ಮನೆಗೆ ಬಂದ ದಿನ ಕೋಣೆಗೆ ಹೊಸ ಬಣ್ಣ, ಹೊಸ ಹಾಸಿಗೆ, ಹೊಸ ಫ್ಯಾನು. ಮೊದಲಿಂದಲೂ ಗಂಡ ಹೆಂಡತಿಯ ಕೋಣೆ ಎಂದುಕೊಂಡೆ. ಹೊರಕೋಣೆಯ ದಿವಾನ ನಿನ್ನ ಜಾಗ ಎಂದುಕೊಂಡೆ. "ಮ್ಯಾಲೆ ಒಂದ್ ಖೋಲಿ ಕಟ್ಟಸೋಣು. ಅಲ್ಲೀತನಾ ಅಡ್ಜಸ್ಟ್ ಮಾಡ್ಕೋತಾಳ ಬಿಡು, ಶಾಣ್ಯಾ ಹುಡುಗಿ" ಅಂದರು ಅವರು. "ಮಾಡ್ಕೊಂಡಾಳಲ್ರಿ, ಅಮ್ಮಿನಬಾವಿಗೆ ಹೋಗಿ" ಅಂದೆ. ದನಿ ಏರಿತ್ತು. ಅವರದೂ ಏರಿತು. ಲಗ್ನ ಆದವರು ಹೊರಕೋಣೆಯಲ್ಲಿ ಮಲಗಿದರೆ ಬಂದವರು ಏನಂತಾರೆ ಅಂದರು. ಬಂದವರು ರಾತ್ರಿ ಇರುವುದಿಲ್ಲ, ಹುಡುಗಿ ಇರಬೇಕು ಅಂದೆ. ಲಗ್ನವಾದ ಮೇಲೆ ನಾವು ಮೊದಲ ಸಲ ಜಗಳಾಡಿದ್ದು ಆವತ್ತೇ. ಆಮೇಲೆ ಅವರು ರಿಮೋಟ್ ಕೆಳಗಿಟ್ಟು ಎದ್ದರು.

ಮುಂದಿನದನ್ನು ನಿನಗೆ ಬರೆಯಬಹುದೋ ಬಾರದೋ ತಿಳಿಯುತ್ತಿಲ್ಲ. ಬರೆಯುತ್ತೇನೆ, ಯಾಕೆಂದರೆ ಅವರು ನಿನ್ನ ಮುಂದೆ ಎಂದೂ ಹೇಳುವುದಿಲ್ಲ. ಅವರು ಕೋಣೆಯ ಬಾಗಿಲಲ್ಲಿ ನಿಂತು ಗೋಡೆ ನೋಡುತ್ತ, "ಇಲ್ಲೆ ಅಕಿ ಚಿತ್ರ ಬರದು ಬರದು ಅಂಟಿಸಿದ್ಲು. ಪೇಂಟ್ ಹಚ್ಚೂ ಮುಂದ ಅಕಿ ಸಾಲಿಗೆ ಹೋಗಿದ್ಲು. ಎಲ್ಲಾ ನಾನ ಕಿತ್ತೇನಿ. ಬಂದು ನೋಡಿ ಏನೂ ಅನ್ಲಿಲ್ಲ ಅಕಿ. ಅತ್ತಿದ್ರರ ಛಲೋ ಇತ್ತು" ಅಂದರು. ಅವರ ಕೈ ಗೋಡೆಯ ಮೇಲೇ ಇತ್ತು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಸದ್ದು ಮಾಡಿದೆ. ಗಂಡಸರಿಗೆ ಅಷ್ಟಾದರೂ ಮರೆ ಬೇಕಾಗುತ್ತದೆ. ತುಸು ಹೊತ್ತಿನ ಮೇಲೆ ಅವರೇ ಬಂದು, "ಹಾಸಗಿ ಎಲ್ಲೆ ಇಡೂಣು ಹೇಳು" ಅಂದರು.

ಈಗ ಮನೆ ಹೀಗಿದೆ. ನಾವಿಬ್ಬರೂ ಹೊರಕೋಣೆಗೆ ಬಂದೆವು. ದಿವಾನದ ಜಾಗಕ್ಕೆ ಮಡಚುವ ಮಂಚ. ಹಗಲು ಮಡಚಿದರೆ ಸೋಫಾ, ಬಿಚ್ಚಿದರೆ ಇಬ್ಬರಿಗೂ ಸಾಕು. ಪುಸ್ತಕದ ಎತ್ತರದ ರ‍್ಯಾಕನ್ನು ಅಡ್ಡಲಾಗಿ ನಿಲ್ಲಿಸಿ ಅದರ ಬೆನ್ನಿಗೆ ಪರದೆ ಹಚ್ಚಿದೆ. ಬಾಗಿಲಲ್ಲಿ ನಿಂತವರಿಗೆ ಆಚೆ ಏನಿದೆ ಕಾಣುವುದಿಲ್ಲ. ಪಕ್ಕದ ಮನೆಯ ಸಾವಕ್ಕ ಬಂದು ಇಣುಕಿ, "ಏನ್ರವ್ವಾ, ಹೊಸಾ ಜೋಡಿ ವರಾಂಡಕ್ಕ ಬಂದೈತಿ!" ಅಂತ ನಕ್ಕು ಹೋದರು. ನಿನ್ನ ಅಪ್ಪ ಪೇಪರಿನಲ್ಲಿ ಮುಖ ಮುಚ್ಚಿಕೊಂಡರು, ಪೇಪರು ತಲೆಕೆಳಗಾಗಿತ್ತು. ಪಾವಟಿಗೆಯ ಕೆಳಗಿನ ಜಾಗ ನನ್ನದಾಯಿತು. ಗಾಲಿ ಪೆಟ್ಟಿಗೆಗಳಲ್ಲಿ ನನ್ನ ಸೀರೆ, ಹೊಲಿಗೆಯ ಸಾಮಾನು. ಒಂದು ಮಣೆ ಹಾಕಿಕೊಂಡು ಅಲ್ಲೇ ಕೂತು ಈ ಕಾಗದ ಬರೆಯುತ್ತಿದ್ದೇನೆ. ನಾನು ಕುಳ್ಳಿ, ಎತ್ತರದ ಬದಿಗೆ ಎದ್ದು ನಿಂತರೆ ತಲೆ ತಾಗುವುದಿಲ್ಲ. ನನಗೆ ಮದುವೆ ತಡವಾದದ್ದಕ್ಕೆ ಜನ ಎತ್ತರದ್ದೂ ಒಂದು ಕಾರಣ ಹೇಳುತ್ತಿದ್ದರು, ಕಡೆಗೆ ಅದೇ ಉಪಯೋಗಕ್ಕೆ ಬಂತು ನೋಡು.

ನಿನ್ನ ಕೋಣೆಗೆ ನಾನು ಏನೂ ಮಾಡಿಲ್ಲ. ಕೈ ತುರಿಸುತ್ತದೆ, ಆದರೂ ಮಾಡಿಲ್ಲ. ಗೋಡೆ ಖಾಲಿ ಬಿಟ್ಟಿದ್ದೇನೆ. ಪರದೆಯ ಬಣ್ಣ ಆರಿಸಿಲ್ಲ. ಸದ್ಯಕ್ಕೆ ಹಳೇ ಬೆಡ್‌ಶೀಟು ಕಟ್ಟಿದ್ದೇನೆ, ನೋಡಲು ಬಲು ಕೆಟ್ಟದಾಗಿದೆ. ಓದಲು ಒಂದು ಮೇಜು ಇಟ್ಟು, ಒಳಗಿನಿಂದ ಹಾಕಿಕೊಳ್ಳುವ ಚಿಲಕ ಮಾತ್ರ ಕೂಡಿಸಿದ್ದೇನೆ. ಬಾಗಿಲು ಬಡಿಯದೆ ನಾವಿಬ್ಬರೂ ಒಳಗೆ ಬರುವುದಿಲ್ಲ ಎಂದು ನಿನ್ನ ಅಪ್ಪನಿಗೂ ಹೇಳಿದ್ದೇನೆ. ಅಟ್ಟದ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ನಿನ್ನ ಅವ್ವನ ಫೋಟೋ ಇಳಿಸಲು ಅವರಿಗೇ ಹೇಳಿದೆ. ಒರೆಸಿ ಒಳಗೆ ಗೋಡೆಗೆ ಆನಿಸಿ ಇಟ್ಟಿದ್ದಾರೆ. ಎಲ್ಲಿ ತೂಗುಹಾಕಬೇಕು ಎಂಬುದು ನಿನಗೆ ಬಿಟ್ಟದ್ದು. ನಿನ್ನ ಕೋಣೆಯಲ್ಲಾದರೂ ಸರಿ, ಹೊರಕೋಣೆಯಲ್ಲಾದರೂ ಸರಿ. ನನಗೆ ಎರಡೂ ಕಡೆ ಅಡ್ಡಿಯಿಲ್ಲ.

ನೀನು ಬರಲೇಬೇಕು ಎಂದು ಬರೆಯುತ್ತಿಲ್ಲ. ಅಜ್ಜಿಯ ಮನೆ ನಿನಗೆ ಹಿತವಾಗಿದ್ದರೆ ಅಲ್ಲೇ ಓದು. ಸಾಲಿಗೆ ಸೂಟಿ ಬಿದ್ದಾಗ ಬಂದು ಇದ್ದು ಹೋಗು. ನೀನು ಇಲ್ಲದಾಗ ಆ ಕೋಣೆಯಲ್ಲಿ ಯಾರೂ ಮಲಗುವುದಿಲ್ಲ, ಯಾರ ಸಾಮಾನೂ ಸೇರುವುದಿಲ್ಲ. ನನ್ನನ್ನು ಏನೆಂದು ಕರೆಯಬೇಕು ಎಂಬ ಚಿಂತೆಯೂ ಬೇಡ. ಈಗ "ರೀ" ಅನ್ನುತ್ತೀಯಲ್ಲ, ಅದಕ್ಕೆ ನಾನು ಓಗೊಡುತ್ತೇನೆ.

ಅಜ್ಜಿಗೆ ನನ್ನ ನಮಸ್ಕಾರ ಹೇಳು. ಮುಂದಿನ ಸಲ ಅವರು ಬಂದಾಗ ಚಹಾಕ್ಕೆ ಸಕ್ಕರೆ ಸರಿಯಾಗಿ ಹಾಕುತ್ತೇನೆ ಎಂದೂ ಹೇಳು. ನಿನ್ನ ಅಪ್ಪ ಒಂದು ಕೈಯಲ್ಲಿ ಪೇಪರು ಹಿಡಿದು ಇನ್ನೊಂದು ಕೈಯಿಂದ ಆಶೀರ್ವಾದ ಹೇಳಿದ್ದಾರೆ, ನನ್ನದೂ ಅದರ ಜೊತೆ ಇರಲಿ. ಚೆನ್ನಾಗಿ ಉಣ್ಣು, ಎತ್ತರ ಬೆಳೆ.

ನಿನ್ನ,
ದಾಕ್ಷಾಯಿಣಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮುಂಚೆ ಇದನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಇಡೀ ವಾರ ನಿದ್ದೆ ಬರುವುದಿಲ್ಲ. ಮೊನ್ನೆ ಶುಕ್ರವಾರ ಸಂಜೆ ಅಂಗಡಿಯಿಂದ ಬಂದಾಗ ನಿನ್ನ ಕೋಣೆಯ ಮೇಜು ಕಿಟಕಿಯ ಕೆಳಗಿತ್ತು. ನಾನು ಅದನ್ನು ಇಟ್ಟದ್ದು ಬಾಗಿಲ ಪಕ್ಕ. ನಿನ್ನ ಅಪ್ಪ ಮುಟ್ಟಿಲ್ಲವಂತೆ, ಅವರು ಬಂದದ್ದೇ ನನ್ನ ನಂತರ. ನೆಲದ ಮೇಲೆ ಎಳೆದ ಗೆರೆ ಇತ್ತು, ಅಡುಗೆಮನೆಯಲ್ಲಿ ಒಂದು ಲೋಟ ತೊಳೆದು ಬೋರಲು ಹಾಕಿತ್ತು. ಕೋಣೆಯ ಸುದ್ದಿಯನ್ನು ಅಪ್ಪ ಫೋನಿನಲ್ಲಿ ಅಜ್ಜಿಗೆ ಹೇಳಿದ್ದರಂತೆ. ಮನೆಯ ಇನ್ನೊಂದು ಕೀಲಿ ಇನ್ನೂ ನಿನ್ನ ಹತ್ತಿರವೇ ಇದೆ ಎಂದು ತಿಳಿದು ನನಗೆ ಎಷ್ಟು ಖುಷಿಯಾಯಿತೆಂದರೆ, ಯಾರಿಗೂ ಹೇಳಲಿಲ್ಲ. ಮೇಜು ಅಲ್ಲೇ ಛಲೋ ಕಾಣುತ್ತದೆ, ಬೆಳಕು ನೇರ ಪುಸ್ತಕದ ಮೇಲೆ ಬೀಳುತ್ತದೆ. ನನಗೆ ಹೊಳೆದೇ ಇರಲಿಲ್ಲ. ಆದರೆ ಈಗ ಕಬ್ಬಿಣದ ಕಪಾಟಿನ ಬಾಗಿಲು ಮೇಜಿಗೆ ತಾಗಿ ಪೂರ್ತಿ ತೆರೆಯುವುದಿಲ್ಲ. ಅದನ್ನು ಆಚೆ ಗೋಡೆಗೆ ಸರಿಸಬೇಕು. ಅಪ್ಪನ ಬೆನ್ನು ನಿನಗೆ ಗೊತ್ತೇ ಇದೆ, ನನ್ನೊಬ್ಬಳಿಂದ ಆಗುವುದಿಲ್ಲ. ನಾನು ಮನೆಯಲ್ಲಿದ್ದಾಗ ಬಾ, ಒಂದು ಬದಿ ನೀನು ಹಿಡಿ, ಇನ್ನೊಂದು ಬದಿ ನಾನು ಹಿಡಿಯುತ್ತೇನೆ. ರವಿವಾರ ನನಗೆ ರಜೆ.